ಕೆಡದ ಹಾಗೆ ಕಟ್ಟಿದ ಜಾಡಿ

ಇಪ್ಪತ್ತೆರಡು ವರ್ಷದಿಂದ ಊರವರ ಮಲ ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುತ್ತಿರುವವಳು ನಾನು. ನಗುವವರು ನಗಲಿ. ಬಸ್ಸಿನಲ್ಲಿ ಪಕ್ಕದ ಹೆಂಗಸು ಏನು ಕೆಲಸ ಅಂತ ಕೇಳಿದರೆ ಆಸ್ಪತ್ರೆಯಲ್ಲಿ ಅನ್ನುತ್ತೇನೆ. ಆಸ್ಪತ್ರೆಯಲ್ಲಿ ಏನು ಅಂತ ಕೆದಕಿದರೆ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ಆಮೇಲೆ ಅವಳು ಕಿಟಕಿಯ ಕಡೆ ತಿರುಗಿ ಕೂರುತ್ತಾಳೆ, ನನಗೂ ನೆಮ್ಮದಿ.

ನಮ್ಮ ಜಿಲ್ಲಾಸ್ಪತ್ರೆಯ ನೆಲಮಾಳಿಗೆಯಲ್ಲಿ, ಡ್ಯಾನ್ಯೂಬ್ ನದಿ ಕಾಣುವ ಒಂದೇ ಒಂದು ಕಿಟಕಿಯ ಕೆಳಗೆ, ನನ್ನ ಮೇಜು. ಔಷಧಿ ಅಂಗಡಿಯಲ್ಲಿ ಪರೀಕ್ಷೆಗೆಂದೇ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಆದರೆ ಹಳ್ಳಿಯವರು ಅದನ್ನು ಕೊಂಡರೆ ಕೇಳಿ. ಮಗುವಿನ ಹಣ್ಣಿನ ಗೊಜ್ಜು ಬರುವ ಪುಟ್ಟ ಗಾಜಿನ ಜಾಡಿ, ಸಾಸಿವೆ ಡಬ್ಬಿ, ಕಾಫಿ ಡಬ್ಬಿ, ಎಲ್ಲದರಲ್ಲೂ ತರುತ್ತಾರೆ. ಒಬ್ಬ ಪುಣ್ಯಾತ್ಮ ಚಾಕೊಲೇಟ್ ಪೆಟ್ಟಿಗೆಯಲ್ಲಿ ಇಟ್ಟು ರಿಬ್ಬನ್ ಸಮೇತ ತಂದಿದ್ದ. ನನ್ನ ಜೊತೆಯವಳು ಇಸ್ಕ್ರಾ, ಯಾರೋ ಗುಣವಾದವರು ಖುಷಿಗೆ ಕೊಟ್ಟಿದ್ದಾರೆ ಅಂದುಕೊಂಡು ಕಾಫಿ ಹೊತ್ತಿಗೆ ಬಿಚ್ಚಿದಳು. ಆ ಕಥೆ ಹೇಳಿ ನಾವು ಆರು ತಿಂಗಳು ನಕ್ಕಿದ್ದೇವೆ. ಆಗ ನಗು ಬರುತ್ತಿತ್ತು.

ಲ್ಯುಬೆನ್ ನನ್ನ ತಮ್ಮ. ನನಗಿಂತ ಒಂಬತ್ತು ವರ್ಷ ಚಿಕ್ಕವನು. ಜಿಲ್ಲೆಯ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿ ಆಗಿದ್ದ, ಸೀಟಿ ಊದಿದರೆ ನದಿಯ ಆಚೆ ದಡದ ರುಮೇನಿಯಾದವರೂ ನಿಂತು ನೋಡಬೇಕು. ಇಪ್ಪತ್ತೇಳನೆಯ ವಯಸ್ಸಿಗೆ ಅವನ ದೊಡ್ಡ ಕರುಳಿನ ಒಳಗೋಡೆಯ ತುಂಬ ಹುಣ್ಣಾಯಿತು. ಅಲ್ಸರೇಟಿವ್ ಕೊಲೈಟಿಸ್ ಅಂತ ಅದರ ಹೆಸರು, ಪೂರ್ತಿ ವಾಸಿಯಾಗುವ ರೋಗವಲ್ಲ. ಸ್ವಲ್ಪ ದಿನ ಸುಮ್ಮನಿರುತ್ತದೆ, ಮತ್ತೆ ಕೆರಳುತ್ತದೆ. ಒಂದು ಪಂದ್ಯದ ಅರವತ್ತನೆಯ ನಿಮಿಷದಲ್ಲಿ ಇವನು ಸೀಟಿ ಊದಿ, ಆಟ ನಿಲ್ಲಿಸಿ, ಮೈದಾನ ದಾಟಿ ಓಡಿದ. ಎರಡೂ ತಂಡದವರು ಕೈಕಟ್ಟಿ ನಿಂತರು, ಜನ ಚಪ್ಪಾಳೆ ತಟ್ಟಿ ಎಣಿಸತೊಡಗಿದರು. ಅವನು ವಾಪಸು ಬಂದಾಗ ಎಣಿಕೆ ನಾನೂರು ದಾಟಿತ್ತಂತೆ. ಅದೇ ಅವನ ಕೊನೆಯ ಪಂದ್ಯ. ಆಮೇಲೆ ಹಳ್ಳಿಗೆ ಅಮ್ಮನ ಬಳಿ ಹೋಗಿ, ಕೊಟ್ಟಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರ ರಿಪೇರಿ ಮಾಡುತ್ತ ಕೂತ.

ಅವನ ಡಾಕ್ಟರು ಗಂಚೆವ್. ಒರಟು ಮನುಷ್ಯ, ಆದರೆ ಕೆಲಸದಲ್ಲಿ ಕಳ್ಳತನವಿಲ್ಲ. ಮಾತ್ರೆಗಳು ನಾಟದೆ ಹೋದ ಮೇಲೆ ಹೊಸ ಇಂಜೆಕ್ಷನ್ನಿಗೆ ಲ್ಯುಬೆನ್ ಹೆಸರು ಬರೆಯುವುದು ಅಂತಾಯಿತು. ಅದಕ್ಕೆ ರಾಜಧಾನಿ ಸೋಫಿಯಾದ ಸಮಿತಿ ಒಪ್ಪಬೇಕು. ಏಪ್ರಿಲಿನಲ್ಲಿ ಗಂಚೆವ್ ನನ್ನೆದುರಿಗೇ ಅವನಿಗೆ ಬೆರಳು ತೋರಿಸಿ ಹೇಳಿದರು: "ಕುಡಿಯೋ ವಾಸನೆ ಒಂದು ಸಲ ಬಂದ್ರೂ ನಿನ್ನ ಕಾಗದ ಹರಿದು ಬಿಸಾಡ್ತೀನಿ. ನಿಮ್ಮಪ್ಪನ್ನ ನಾನೇ ನೋಡ್ಕೊಂಡಿದ್ದು, ಮರ್ತಿಲ್ಲ."

ನಮ್ಮಪ್ಪ ಕುಡಿದೇ ಸತ್ತ. ಪ್ಲಮ್ ಹಣ್ಣಿನ ರಾಕಿಯಾ ಮನೆಯಲ್ಲೇ ಬಟ್ಟಿ ಇಳಿಸುತ್ತಿದ್ದ. ಐವತ್ತು ಡಿಗ್ರಿ, ಅಂದರೆ ಅರ್ಧಕ್ಕರ್ಧ ಆಲ್ಕೋಹಾಲ್, ಬೆಂಕಿ ಕಡ್ಡಿ ತೋರಿಸಿದರೆ ಉರಿಯುವಂಥದ್ದು. ಕೊನೆಗೆ ಹಳದಿ ಕಣ್ಣು, ಗುಡಾಣದಂಥ ಹೊಟ್ಟೆ. ಅವನು ಇಳಿಸಿದ ಕೊನೆಯ ರಾಕಿಯಾ ಇನ್ನೂ ಅಮ್ಮನ ನೆಲಮನೆಯಲ್ಲಿತ್ತು. ಅಮ್ಮ ಅದನ್ನು ಜ್ವರ ಬಂದವರ ಎದೆಗೆ ಉಜ್ಜುತ್ತಾಳೆ, ಜಾಮಿನ ಮೇಲೆ ಹಾಕುತ್ತಾಳೆ. ನನಗೆ ಆ ವಾಸನೆ ಬಂದರೆ ಬುದ್ಧಿ ಕೆಲಸ ಮಾಡುವುದಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಆ ಜುಲೈನಲ್ಲಿ ಲ್ಯುಬೆನ್ ಫೋನ್ ಮಾಡಿದ.

"ಅಕ್ಕಾ, ಇವತ್ತು ಹದಿನಾಲ್ಕು ಸಲ ಹೋದೆ. ಜಿಲ್ಲೆಯ ದಾಖಲೆ ಬರ್ಕೋ."

"ರಕ್ತ ಇದೆಯೇನೋ?"

"ಇದೆ. ಜ್ವರಾನೂ ಇದೆ. ಹಳೇ ನೆಂಟ ಮತ್ತೆ ಬಂದಿದಾನೆ ಅನ್ಸತ್ತೆ."

"ಹಲ್ಲುನೋವು ಅಂತಿದ್ಯಲ್ಲ, ಅದಕ್ಕೇನು ತಿಂದೆ?"

"ಹಲ್ಲಿನ ಡಾಕ್ಟ್ರು ಹತ್ತು ದಿನದ ಆಂಟಿಬಯೋಟಿಕ್ ಕೊಟ್ರು. ಕೆನ್ನೆ ಬನ್ ಥರ ಊದಿತ್ತು ಕಣಕ್ಕಾ," ಅಂದ.

"ನನಗೊಂದು ಮಾತು ಕೇಳಿ ತಿನ್ನೋಕೆ ಏನ್ ಧಾಡಿಯಾಗಿತ್ತೋ ನಿನಗೆ!"

ನನಗೆ ದಿಗಿಲಾದದ್ದಕ್ಕೆ ಕಾರಣವಿತ್ತು. ಆಂಟಿಬಯೋಟಿಕ್ ಹೊಟ್ಟೆಯೊಳಗಿನ ಒಳ್ಳೆಯ ಕ್ರಿಮಿಗಳನ್ನೂ ಸಾಯಿಸುತ್ತದೆ. ಜಾಗ ಖಾಲಿಯಾದೊಡನೆ ಡಿಫಿಸಿಲೆ ಅನ್ನುವ ಒಂದು ಕೆಟ್ಟ ಕ್ರಿಮಿ ಬಂದು ನೆಲೆಸಿ ವಿಷ ಉಗುಳುತ್ತದೆ. ಕೊಲೈಟಿಸ್ ಇದ್ದವರಿಗೆ ಅದರ ಕಾಟ ಹೆಚ್ಚು. ಕರುಳು ತಾನಾಗಿ ಕೆರಳಿದರೂ ರಕ್ತ, ಭೇದಿ, ಜ್ವರ. ಈ ಕ್ರಿಮಿ ಹೊಕ್ಕರೂ ರಕ್ತ, ಭೇದಿ, ಜ್ವರ. ಮೇಲಿಂದ ನೋಡಿದರೆ ಎಂಥ ಡಾಕ್ಟರಿಗೂ ಯಾವುದು ಯಾವುದೆಂದು ತಿಳಿಯುವುದಿಲ್ಲ. ಔಷಧಿ ಮಾತ್ರ ಬೇರೆ. ರೋಗ ಕೆರಳಿದ್ದರೆ ಸ್ಟೀರಾಯ್ಡ್ ಹೆಚ್ಚಿಸಬೇಕು. ಕ್ರಿಮಿ ಇದ್ದರೆ ಮೊದಲು ಅದನ್ನು ಕೊಲ್ಲುವ ವ್ಯಾಂಕೊಮೈಸಿನ್ ಕೊಡಬೇಕು. ಕ್ರಿಮಿಯನ್ನು ಒಳಗೆ ಬಿಟ್ಟು ಬರೀ ಸ್ಟೀರಾಯ್ಡ್ ಸುರಿದರೆ ಮೈಯ ಕಾವಲುಗಾರರನ್ನೆಲ್ಲ ಮಲಗಿಸಿ ಕಳ್ಳನಿಗೆ ಬಾಗಿಲು ತೆರೆದ ಹಾಗೆ. ಎರಡನ್ನೂ ಬೇರೆ ಮಾಡಿ ತೋರಿಸುವುದು ಒಂದೇ, ಮಲ ಪರೀಕ್ಷೆ. ಅಂದರೆ ನನ್ನ ಮೇಜು.

"ನಾಳೆ ಬೆಳಿಗ್ಗೆ ಬಸ್ಸಲ್ಲಿ ಸ್ಯಾಂಪಲ್ ಕಳಿಸು," ಅಂದೆ. "ಅದರ ರಿಪೋರ್ಟ್ ಬಂದ ಮೇಲೆ ಗಂಚೆವ್ ಔಷಧಿ ಶುರು ಮಾಡ್ತಾರೆ. ನೀನು ಮಧ್ಯಾಹ್ನ ಯಾರದಾದ್ರೂ ಕಾರಲ್ಲಿ ಬಾ, ಬಸ್ಸಲ್ಲಿ ಒಂದೂವರೆ ಗಂಟೆ ಕೂರೋಕಾಗಲ್ಲ ನಿನಗೆ."

"ಡ್ರೈವರ್ ಕಿರೋ ಕೈಲಿ ನನ್ನ ಕಕ್ಕ ಕೊಡೋದಾ? ಅವನ ತಂಡದ ವಿರುದ್ಧ ಎರಡು ಪೆನಾಲ್ಟಿ ಕೊಟ್ಟಿದ್ದೆ ನಾನು. ದಾರೀಲೇ ಎಸೀತಾನೆ."

ನಕ್ಕೆವು. ಅವನು ನಗಿಸುತ್ತಿದ್ದ, ಏನೇ ಆಗಲಿ.

ನಮ್ಮ ಕಡೆ ಹಳ್ಳಿಯಿಂದ ಏನು ಬರಬೇಕಾದರೂ ಬಸ್ಸಿನ ಡ್ರೈವರ್ ಕೈಯಲ್ಲಿ ಬರುತ್ತದೆ. ಟೊಮೆಟೊ, ಮೊಟ್ಟೆ, ಕೊಯ್ದ ಕೋಳಿ, ಮದುವೆ ಕಾಗದ. ಮರುದಿನ ಎಂಟೂವರೆಗೆ ಕಿರೋ ಬಟ್ಟೆಯ ಚೀಲ ತಂದು ಕೊಟ್ಟ. ಮೇಲೆ ಟೊಮೆಟೊ, ಅದರ ಕೆಳಗೆ ಎಣ್ಣೆ ಕಾಗದದಲ್ಲಿ ಸುತ್ತಿದ ಬನಿತ್ಸಾ, ಅಮ್ಮ ನಸುಕಿನಲ್ಲಿ ಎದ್ದು ಚೀಸ್ ತುಂಬಿ ಸುಟ್ಟದ್ದು. ತಳದಲ್ಲಿ ಮೂರು ಪದರ ಬಟ್ಟೆಯೊಳಗೆ ಪುಟ್ಟ ಗಾಜಿನ ಜಾಡಿ. ಮುಚ್ಚಳದ ಮೇಲೆ ಮತ್ತೊಂದು ಬಟ್ಟೆ, ದಾರದಿಂದ ಬಿಗಿದು ಗಂಟು ಹಾಕಿತ್ತು. ಚೀಟಿಯ ಮೇಲೆ ಅಮ್ಮನ ದುಂಡು ಅಕ್ಷರದಲ್ಲಿ ತಮ್ಮನ ಹೆಸರು, ತಾರೀಖು. ಅಮ್ಮ ಚಳಿಗಾಲಕ್ಕೆಂದು ವರ್ಷಕ್ಕೆ ಇನ್ನೂರು ಜಾಡಿ ಕಟ್ಟುವವಳು. ಮೆಣಸಿನಕಾಯಿ, ಸೌತೆಕಾಯಿ, ಚೆರ್ರಿ, ಏನನ್ನೇ ಕಟ್ಟಲಿ, ಅವಳ ಒಂದು ಜಾಡಿ ಬೂಷ್ಟು ಹಿಡಿದದ್ದನ್ನು ಯಾರೂ ಕಂಡಿಲ್ಲ. ಇದನ್ನೂ ಹಾಗೇ ಕಟ್ಟಿದ್ದಾಳಲ್ಲ ಅಂತ ನನಗೆ ನಗು ಬಂತು.

ಮುಚ್ಚಳ ತಿರುಗಿಸಿದೆ. ರಾಕಿಯಾ.

ಅಪ್ಪನ ರಾಕಿಯಾ. ಮೂಗಿಗೆ ಹೊಡೆದ ಹಾಗೆ ಬಂತು. ಒಂದು ಕ್ಷಣ ನನಗೆ ಲ್ಯಾಬೇ ಕಾಣಲಿಲ್ಲ, ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದ ಅಪ್ಪ ಕಂಡ. ಅಯ್ಯೋ ಹಾಳಾದವನೇ, ಶುರು ಮಾಡಿದೆಯಾ ನೀನೂ, ಅಂದುಕೊಂಡೆ. ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಜಾಡಿ ತುಂಬಿಸಿದ್ದಾನೆ, ಚೆಲ್ಲಿದೆ, ಅದರ ಖಬರೂ ಇಲ್ಲ ಇವನಿಗೆ. ಇಸ್ಕ್ರಾ ಆಚೆ ಮೇಜಿನಲ್ಲಿದ್ದಳು. ಅವಳ ಬಾಯಿಗೆ ಬಿದ್ದದ್ದು ಕಾಫಿ ಹೊತ್ತಿಗೆ ಮೂರನೆಯ ಮಹಡಿಗೆ, ಗಂಚೆವ್ ಕಿವಿಗೆ ಮುಟ್ಟುತ್ತದೆ. ಕಾಗದ ಹರಿದುಹೋಗುತ್ತದೆ, ಇಂಜೆಕ್ಷನ್ ಹೋಗುತ್ತದೆ. ನಾನು ಕಿಟಕಿ ಪೂರ್ತಿ ತೆರೆದೆ.

"ಏನೇ ನೆವ್ಯಾನಾ, ಅಷ್ಟು ವಾಸನೆನಾ?" ಅಂದಳು ಇಸ್ಕ್ರಾ.

"ಸೆಕೆ ಕಣೇ," ಅಂದೆ.

ನನ್ನ ತಲೆಯ ಮೇಲೆ, ಗೋಡೆಯಲ್ಲಿ, ಒಂದು ಕಾಗದ ಅಂಟಿಸಿದೆ. ಆಲ್ಕೋಹಾಲ್ ಅಥವಾ ಕೆಡದಂತೆ ಇಡುವ ಬೇರೆ ಯಾವುದೇ ದ್ರವ ಬೆರೆತ ಮಾದರಿಯನ್ನು ಪರೀಕ್ಷಿಸಬೇಡಿ, ತಿರಸ್ಕರಿಸಿ. ಪರೀಕ್ಷೆಯ ಪೆಟ್ಟಿಗೆಯಲ್ಲಿ ಬಂದ ಚೀಟಿ ಓದಿ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದವಳು ನಾನೇ. ತಿರಸ್ಕರಿಸಿದರೆ ಕಾರಣ ಬರೆಯಬೇಕು. ಕಾರಣದ ಜಾಗದಲ್ಲಿ ಏನಂತ ಬರೆಯಲಿ? ಹೆಚ್ಚೆಂದರೆ ಎರಡು ಹನಿ ಬಿದ್ದಿರಬೇಕು, ಅಷ್ಟರಿಂದ ಏನಾಗುತ್ತದೆ, ಅಂದುಕೊಂಡೆ. ಮಲದ ನೀರನ್ನು ದ್ರಾವಣದಲ್ಲಿ ಕಲಸಿ ಪರೀಕ್ಷೆಯ ಪಟ್ಟಿಯ ಮೇಲೆ ಹಾಕಿ ಕಾದೆ. ಕ್ರಿಮಿಯ ವಿಷ ಇದ್ದರೆ ಎರಡು ಗೆರೆ, ಇಲ್ಲದಿದ್ದರೆ ಒಂದು. ಒಂದೇ ಗೆರೆ ಬಂತು. ನಾನು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡೆ. ರಿಪೋರ್ಟಿನಲ್ಲಿ "ಇಲ್ಲ" ಅಂತ ಬರೆದು ಸಹಿ ಹಾಕಿ, ಜಾಡಿಯನ್ನು ಬೇರೆ ಕಸದ ಜೊತೆ ಸುಡಲು ಕಳಿಸಿಬಿಟ್ಟೆ.

ಎಷ್ಟು ಕುಡಿದರೂ ಮಲ ರಾಕಿಯಾ ನಾರುವುದಿಲ್ಲ. ಎರಡು ಹನಿ ಚೆಲ್ಲಿದರೆ ಹಾಗೆ ಮೂಗಿಗೆ ಹೊಡೆಯುವುದಿಲ್ಲ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದವಳಿಗೆ ಇದು ಗೊತ್ತಿರಬೇಕಿತ್ತು, ಗೊತ್ತೂ ಇತ್ತು.

ಮಧ್ಯಾಹ್ನ ಲ್ಯುಬೆನ್ ದಾಖಲಾದ. ಗಂಚೆವ್ ನನ್ನ ರಿಪೋರ್ಟ್ ನೋಡಿ ಸ್ಟೀರಾಯ್ಡ್ ಇಂಜೆಕ್ಷನ್ ಶುರು ಮಾಡಿದರು. ಸಂಜೆ ಕೆಲಸ ಮುಗಿಸಿ ನಾನು ಮೇಲೆ ಹೋದೆ. ಕೋಣೆಯಲ್ಲಿ ಅವನೊಬ್ಬನೇ ಇದ್ದ. ಮುಖ ಸುಣ್ಣದ ಗೋಡೆಯಾಗಿತ್ತು.

"ಪಾಯಿಖಾನೆ ಪಕ್ಕದ ಹಾಸಿಗೆ ಕೊಟ್ಟಿದಾರೆ ಅಕ್ಕಾ. ನಿನ್ನ ಶಿಫಾರಸ್ಸಾ?"

"ನಾಚಿಕೆ ಆಗಲ್ವೇನೋ ನಿನಗೆ?" ಅಂದೆ. "ಯಾವಾಗಿಂದ ಕುಡೀತಿದೀಯ?"

ಅವನು ನನ್ನ ಮುಖವನ್ನೇ ನೋಡಿದ. "ಏನು?"

"ನಾಟಕ ಆಡ್ಬೇಡ. ಜಾಡಿ ಪೂರ್ತಿ ರಾಕಿಯಾ ವಾಸನೆ. ಅಪ್ಪಂದೇ. ನನ್ನ ಮೂಗಿಗೆ ಗೊತ್ತಾಗಲ್ವಾ?"

"ಅಕ್ಕಾ, ನಾನು ಕುಡಿದಿಲ್ಲ. ನಿನ್ನ ಮೇಲಾಣೆ. ಏಪ್ರಿಲಿಂದ ಒಂದು ತೊಟ್ಟೂ ಮುಟ್ಟಿಲ್ಲ."

"ಅಪ್ಪಾನೂ ನನ್ನ ಮೇಲೇ ಆಣೆ ಇಡ್ತಿದ್ದ."

"ವಾಸನೆ ಹೇಗೆ ಬಂತೋ ನನಗೊತ್ತಿಲ್ಲ. ಹಿಡಿದು ಅಮ್ಮನ ಕೈಗೆ ಕೊಟ್ಟೆ, ಮತ್ತೆ ಪಾಯಿಖಾನೆಗೆ ಓಡಿದೆ. ಅಮ್ಮನ್ನ ಕೇಳು ಬೇಕಾದ್ರೆ."

"ಅಮ್ಮನ ಸೆರಗಿನ ಹಿಂದೆ ಬಚ್ಚಿಟ್ಕೋಬೇಡ. ಗಂಚೆವ್‌ಗೆ ನಾನೇನೂ ಹೇಳಲ್ಲ. ಆದರೆ ನನ್ನ ಹತ್ರ ಸುಳ್ಳು ಹೇಳ್ಬೇಡ."

ಅವನು ಗೋಡೆಯ ಕಡೆ ತಿರುಗಿದ. "ಹೋಗು ಅಕ್ಕಾ, ಸುಸ್ತಾಗಿದೆ," ಅಂದ. ನಾನು ಹೋದೆ. ಅಮ್ಮನನ್ನು ಕೇಳಲಿಲ್ಲ. ಅಮ್ಮನಿಗೆ ಈ ವಿಷಯ ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾಳೆ ಅನ್ನುವುದು ನನ್ನ ಲೆಕ್ಕಾಚಾರ.

ಮೂರನೆಯ ದಿನವೂ ಜ್ವರ ಇಳಿಯಲಿಲ್ಲ. ಗಂಚೆವ್ ನೆಲಮಾಳಿಗೆಗೆ ತಾವೇ ಇಳಿದು ಬಂದರು.

"ನೆವ್ಯಾನಾ, ನಿಮ್ಮ ತಮ್ಮನಿಗೆ ಸ್ಟೀರಾಯ್ಡ್ ನಾಟ್ತಾ ಇಲ್ಲ. ಇನ್ನೊಂದು ಸಲ ಟೆಸ್ಟ್ ಮಾಡಿ ನೋಡೋಣವಾ?"

ನಾನು ಏನು ಮಾಡಿದೆ ಗೊತ್ತೇ? ಬಾಗಿಲಿನ ಮೇಲಿದ್ದ ಇನ್ನೊಂದು ಕಾಗದ ತೋರಿಸಿದೆ. ಒಮ್ಮೆ ಇಲ್ಲ ಅಂತ ಬಂದರೆ ಏಳು ದಿನದೊಳಗೆ ಮರುಪರೀಕ್ಷೆ ಸ್ವೀಕರಿಸುವುದಿಲ್ಲ. ಅದೂ ನನ್ನದೇ ಕೈಬರಹ. ಒಬ್ಬನದೇ ಮಾದರಿಯನ್ನು ದಿನಕ್ಕೆರಡು ಸಲ ಕಳಿಸಿ ಪಟ್ಟಿ ಖಾಲಿ ಮಾಡುತ್ತಿದ್ದ ಎಳೆಯ ಡಾಕ್ಟರುಗಳಿಗೆಂದು ಬರೆದದ್ದು. ನಿಯಮವೇನೂ ತಪ್ಪಲ್ಲ, ಮೊದಲ ಪರೀಕ್ಷೆ ಸರಿಯಾಗಿದ್ದರೆ.

"ಸ್ವಂತ ತಮ್ಮ ಅಂತ ನಾನೇ ನಿಯಮ ಮುರಿದರೆ ನಾಳೆ ಯಾರು ಕೇಳ್ತಾರೆ ಡಾಕ್ಟ್ರೇ? ಮೊದಲ ಸ್ಯಾಂಪಲ್ ನಾನೇ ಮಾಡಿದ್ದು," ಅಂದೆ.

"ನೀವು ಮಾಡಿದ್ದು ಅಂದ್ರೆ ಮುಗೀತು ಬಿಡಿ," ಅಂದರು ಗಂಚೆವ್. ಮೆಟ್ಟಿಲು ಹತ್ತಿ ಹೋಗಿ ಸ್ಟೀರಾಯ್ಡ್ ಹೆಚ್ಚಿಸಿದರು.

ಐದನೆಯ ದಿನ ಅಮ್ಮ ಕೋಳಿ ಸಾರು ತಂದಳು. ಮೆಟ್ಟಿಲಿನ ಬಳಿಯೇ ನನ್ನ ಕೈ ಹಿಡಿದುಕೊಂಡಳು. ಮುಖ ಅರಳಿತ್ತು.

"ನೆವ್ಯಾನಾ, ಇವತ್ತು ಬೆಳಿಗ್ಗೆಯಿಂದ ಒಂದೇ ಸಲ ಹೋಗಿದಾನೆ ಕಣೇ! ನಿನ್ನೆ ಹನ್ನೆರಡು, ಇವತ್ತು ಒಂದು! ದೇವಮಾತೆ ಕಣ್ಣು ಬಿಟ್ಟಳು."

ನಾನೂ ಅಮ್ಮನನ್ನು ತಬ್ಬಿಕೊಂಡೆ. ಇಬ್ಬರೂ ಅತ್ತೆವು, ನಕ್ಕೆವು. ಸಂಜೆ ನರ್ಸಮ್ಮ ಲ್ಯುಬೆನ್ ಹೊದಿಕೆ ಸರಿಸಿದಾಗ ಅವನ ಹೊಟ್ಟೆ ಕಂಡಿತು. ಅಪ್ಪನ ಹೊಟ್ಟೆ. ಬಿಗಿದು, ಮಿರಿಮಿರಿ ಹೊಳೆಯುತ್ತಿತ್ತು. ಭೇದಿ ನಿಂತದ್ದು ಗುಣವಾಗಿ ಅಲ್ಲ. ಕರುಳು ಕೆಲಸ ನಿಲ್ಲಿಸಿತ್ತು, ಒಳಗೆ ಗಾಳಿ ಮತ್ತು ವಿಷ ತುಂಬಿ ಊದುತ್ತಿತ್ತು. ಎಕ್ಸರೇ ನೋಡಿದ ಗಂಚೆವ್ ನೇರ ಸರ್ಜನ್‌ಗೆ ಫೋನ್ ಮಾಡಿದರು.

ಮರುದಿನ ಬೆಳಿಗ್ಗೆ ಆಪರೇಷನ್ ಮಾಡಿ ದೊಡ್ಡ ಕರುಳನ್ನು ಪೂರ್ತಿ ತೆಗೆದರು. ಅದರೊಳಗಿನ ನೀರನ್ನು ಗಂಚೆವ್ ಡಬ್ಬಿಯಲ್ಲಿ ಕಳಿಸಿದರು, ಜೊತೆಗೆ ಚೀಟಿ: "ನಿಯಮ ಇರಲಿ. ಮಾಡಿ." ನಾನು ಪಟ್ಟಿಯ ಮೇಲೆ ಹಾಕಿದೆ. ಹತ್ತು ನಿಮಿಷ ಕಾಯಬೇಕು ಅಂತ ಲೆಕ್ಕ. ಎರಡನೆಯ ಗೆರೆ ಒಂದು ನಿಮಿಷಕ್ಕೇ ಬಂತು, ದಪ್ಪವಾಗಿ. ಐದು ದಿನದ ಹಿಂದೆ ಒಂದು, ಇವತ್ತು ಎರಡು. ಇಸ್ಕ್ರಾ ಹಿಂದೆ ಬಂದು ನೋಡಿ, "ಅಯ್ಯೋ ನೆವ್ಯಾನಾ," ಅಂದಳು, ಅಷ್ಟೇ.

ಮೇಲೆ ಹೋದೆ. ಅಮ್ಮ ಆಪರೇಷನ್ ಕೋಣೆಯ ಮುಂದಿನ ಬೆಂಚಿನ ಮೇಲೆ, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂತೆ. ಏನಾದರೂ ಮಾತಾಡಬೇಕಲ್ಲ ಅಂತ ಅವಳು ಮಾತಾಡಿದಳು.

"ಇನ್ನೊಂದು ಸಲ ಪರೀಕ್ಷೆಗೆ ಬೇಕಾದ್ರೆ ಹೇಳು, ಪುಟ್ಟ ಜಾಡಿಗಳಿವೆ, ತಂದಿದೀನಿ. ಆವತ್ತಿನದು ದಾರೀಲಿ ಕೆಡಲಿಲ್ಲ ತಾನೇ? ನನಗೆ ಅದೇ ಯೋಚನೆ. ಜುಲೈ ಬಿಸಿಲು, ಕಿರೋ ಬಸ್ಸು ಬೇರೆ ಒಲೆ ಇದ್ದಂಗೆ. ನಿನ್ನ ಜೊತೆಯವರ ಎದುರಿಗೆ ನಿನಗೆ ಅವಮಾನ ಆಗ್ಬಾರ್ದು ಅಂತ ಜಾಡಿ ಕುದಿಸಿ, ಒಣಗಿಸಿ, ನಿಮ್ಮಪ್ಪನ ರಾಕಿಯಾ ಎರಡು ಚಮಚ ಹಾಕಿದೆ. ಚೆರ್ರಿಗೆ ಹಾಕ್ತೀನಲ್ಲ, ಹಂಗೆ. ಹುಳಿ ಬಂದಿರ್ಲಿಲ್ಲ ತಾನೇ?"

ಮೊಟ್ಟೆಯ ಬಿಳಿಯ ಮೇಲೆ ರಾಕಿಯಾ ಸುರಿದರೆ ಅದು ಬೆಂದ ಹಾಗೆ ಹೆಪ್ಪಾಗುತ್ತದೆ. ಆ ಕ್ರಿಮಿಯ ವಿಷವೂ ಹಾಗೇ, ಆಲ್ಕೋಹಾಲ್ ಬಿದ್ದರೆ ರೂಪ ಕೆಟ್ಟು ಪಟ್ಟಿಗೆ ಗುರುತೇ ಸಿಗುವುದಿಲ್ಲ. ಆ ಪುಟ್ಟ ಜಾಡಿಯಲ್ಲಿ ಎರಡು ಚಮಚ ಐವತ್ತು ಡಿಗ್ರಿ, ಒಂದೂವರೆ ಗಂಟೆ ಬಸ್ಸಿನ ಕುಲುಕಾಟ. ಲ್ಯುಬೆನ್ ಕುಡಿದಿರಲಿಲ್ಲ. ಆಣೆ ಇಟ್ಟು ಹೇಳಿದ್ದ. ಅಮ್ಮನನ್ನು ಕೇಳು ಅಂತಲೂ ಹೇಳಿದ್ದ.

"ಇಲ್ಲಮ್ಮ," ಅಂದೆ. "ಕೆಟ್ಟಿರಲಿಲ್ಲ."

"ಸದ್ಯ," ಅಂದಳು ಅಮ್ಮ.

ಗಂಚೆವ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ವಾಸನೆ ಬಂದದ್ದು, ಕಿಟಕಿ ತೆರೆದದ್ದು, ಯಾಕೆ ಮುಚ್ಚಿಟ್ಟೆ ಅನ್ನುವುದು. ಕೆಲಸದಿಂದ ತೆಗೆಯಿರಿ, ಪೊಲೀಸರಿಗೆ ಕೊಡಿ, ಏನು ಬೇಕಾದರೂ ಮಾಡಿ ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಾಗದ ಹರೀತೀನಿ ಅಂತ ನಾನು ಹೇಳಿದ್ದಕ್ಕಾ?"

"ಹೂಂ."

"ಅವನ ಹೆಸರು ಮೇ ತಿಂಗಳಲ್ಲೇ ಸೋಫಿಯಾಗೆ ಹೋಗಿದೆ. ಹೆದರಿಸೋಕೆ ಹೇಳಿದ್ದು ನಾನು. ಅವನು ಬಾಟಲಿ ಸಮೇತ ಬಂದಿದ್ರೂ ಇಂಜೆಕ್ಷನ್ ಕೊಡ್ತಿದ್ದೆ." ಕನ್ನಡಕ ಮತ್ತೆ ಹಾಕಿಕೊಂಡು, "ವ್ಯಾಂಕೊಮೈಸಿನ್ ಕೆಳಗಡೆ ಔಷಧಿ ಕೋಣೇಲೇ ಇತ್ತು," ಅಂದರು. ನಡೆದದ್ದನ್ನೆಲ್ಲ ಬರೆದುಕೊಡಿ ಅಂದರು. ಬರೆದುಕೊಟ್ಟೆ. ವಿಚಾರಣೆಗೆ ಒಂದು ದಿನ ಗೊತ್ತುಮಾಡಿ, ಅದನ್ನು ಮುಂದಕ್ಕೆ ಹಾಕಿದರು, ಮತ್ತೆ ಮುಂದಕ್ಕೆ ಹಾಕಿದರು.

ಲ್ಯುಬೆನ್ ಆಪರೇಷನ್ ಆದ ಮೂರನೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ ತೀರಿಕೊಂಡ. ಒಮ್ಮೆ ಎಚ್ಚರವಾಗಿತ್ತು. ಗಂಟಲಲ್ಲಿ ನಳಿಕೆ ಇದ್ದುದರಿಂದ ಮಾತಾಡಲಾಗಲಿಲ್ಲ. ನಾನು ಅವನ ಕಿವಿಯಲ್ಲಿ, ನೀನು ಕುಡಿದಿರಲಿಲ್ಲ, ನನಗೆ ಗೊತ್ತಾಯ್ತು, ತಪ್ಪಾಯ್ತು ಕಣೋ ಅಂದೆ. ಅವನು ಕಣ್ಣು ಮಿಟುಕಿಸಿದ. ಕೇಳಿಸಿತೋ, ಬೆಳಕು ಚುಚ್ಚಿತೋ ನನಗೆ ತಿಳಿಯದು. ಕೇಳಿಸಿತು ಅಂತ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಈಗ ಹೇಳಿಕೊಳ್ಳುವುದಿಲ್ಲ.

ಅವನ ನೆನಪಿನ ನಲವತ್ತನೆಯ ದಿನದ ಊಟ ಸೆಪ್ಟೆಂಬರಿನಲ್ಲಿ ಬಂತು. ಕೆಂಪು ಮೆಣಸಿನಕಾಯಿ ಸುಡುವ ಕಾಲ, ಹಳ್ಳಿಯ ತುಂಬ ಅದರದೇ ಹೊಗೆ. ಗೋರಿಯ ಹತ್ತಿರ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ ಹಂಚಿ ಮನೆಗೆ ಬಂದೆವು. ನೆಂಟರೆಲ್ಲ ಹೋದ ಮೇಲೆ ನಾನು, ಅಮ್ಮ, ಪಕ್ಕದ ಮನೆಯ ತೋತಾ ಚಿಕ್ಕಮ್ಮ, ಮೂವರೇ ಅಡುಗೆಮನೆಯಲ್ಲಿ ಉಳಿದೆವು. ಅಮ್ಮ ನನಗೆ ಕೊಡಲೆಂದು ಚೀಲಕ್ಕೆ ಜಾಡಿ ತುಂಬುತ್ತಿದ್ದಳು. ಮಗನನ್ನು ಮಣ್ಣು ಮಾಡಿದ ವಾರಕ್ಕೇ ಅವಳು ಮೆಣಸಿನಕಾಯಿ ಸುಡಲು ಕೂತಿದ್ದಳು, ಕೈ ಸುಮ್ಮನಿದ್ದರೆ ಹುಚ್ಚು ಹಿಡಿಯುತ್ತದೆ ಅಂತ.

"ನಮ್ಮನೆಯವರಿಗೂ ಹೊಟ್ಟೆ ಸರಿಯಿಲ್ಲ ಕಣೇ ಪರಾಸ್ಕೆವಾ," ಅಂದಳು ತೋತಾ ಚಿಕ್ಕಮ್ಮ, ಅಮ್ಮನಿಗೆ. "ಮೂರು ವಾರ ಆಯ್ತು. ಟೆಸ್ಟಿಗೆ ಕಳಿಸು ಅಂದಿದಾರೆ. ನಾಳೆ ಕಿರೋ ಕೈಲಿ ಕೊಟ್ಟು ಕಳಿಸ್ಬೇಕು. ಈ ಸೆಕೇಲಿ ಕೆಟ್ಟೋಗತ್ತೇನೋ."

"ಅದಕ್ಕೇನು, ನಾನು ಹೇಳ್ಕೊಡ್ತೀನಿ," ಅಂದಳು ಅಮ್ಮ. ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಜೀವ ಬಂದಿತ್ತು. "ಪುಟ್ಟ ಜಾಡಿ ಕುದಿಸು. ಒಣಗಿದ ಮೇಲೆ ಎರಡು ಚಮಚ ರಾಕಿಯಾ ಹಾಕಿ ಬಾಯಿ ಕಟ್ಟು. ನನ್ನ ಲ್ಯುಬೆನ್‌ದು ಹಂಗೇ ಕಳಿಸಿದ್ದು. ಒಂಚೂರೂ ಕೆಟ್ಟಿರಲಿಲ್ಲ, ನೆವ್ಯಾನಾನೇ ಹೇಳಿದ್ಲು. ಅಲ್ವೇನೇ?"

ಇಬ್ಬರೂ ನನ್ನ ಕಡೆ ನೋಡಿದರು. ಹೌದು ಅಂದರೆ ತೋತಾಳ ಗಂಡನಿಗೆ ಕುತ್ತು. ಅಲ್ಲ ಅಂದರೆ ಅಮ್ಮನಿಗೆ. ಆಮೇಲೆ ತೋತಾಳ ಹಿಂದೆಯೇ ಹೋಗಿ ಗೇಟಿನ ಬಳಿ ಪಿಸುಗುಟ್ಟಬಹುದು ಅಂತಲೂ ಹೊಳೆಯಿತು. ಆದರೆ ಆ ಹೆಂಗಸಿನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ನಾಳೆಯೇ ಬೇಲಿ ದಾಟಿ ಅಮ್ಮನಿಗೆ ಮುಟ್ಟುತ್ತದೆ. ಮುಚ್ಚಿಟ್ಟು ಮುಚ್ಚಿಟ್ಟು ನಾನು ಒಬ್ಬನನ್ನು ಮಣ್ಣಿಗೆ ಹಾಕಿದ್ದೆ.

"ಹಾಕ್ಬೇಡ ಚಿಕ್ಕಮ್ಮ," ಅಂದೆ. "ಏನೂ ಹಾಕ್ಬೇಡ. ಅಂಗಡಿಯಿಂದ ಡಬ್ಬಿ ತಗೊಂಡು ಹಂಗೇ ಕಳಿಸು."

ಅಮ್ಮನ ಕೈ ಜಾಡಿಯ ಮೇಲೆ ನಿಂತಿತು. "ಯಾಕೆ?"

"ರಾಕಿಯಾ ಬಿದ್ರೆ ಟೆಸ್ಟಲ್ಲಿ ರೋಗ ಕಾಣಲ್ಲಮ್ಮ."

ತೋತಾ ಚಿಕ್ಕಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಅಮ್ಮ ಕೂತುಕೊಂಡಳು. ಅವಳ ಮುಖದ ಮೇಲೆ ಒಂದೊಂದೇ ವಿಷಯ ಇಳಿಯುವುದನ್ನು ನೋಡಿದೆ, ಜಾಡಿ, ಬಸ್ಸು, ಆಸ್ಪತ್ರೆ. ನಾನು ಮಂಡಿಯೂರಿ ಅವಳ ಕೈ ಹಿಡಿದೆ.

"ನಿನ್ನ ತಪ್ಪಲ್ಲಮ್ಮ. ನಿನಗೆ ಗೊತ್ತಿರ್ಲಿಲ್ಲ. ನನಗೆ ವಾಸನೆ ಬಂದಿತ್ತು. ಮುಚ್ಚಳ ತೆಗೆದ ತಕ್ಷಣ ಬಂದಿತ್ತು. ಆ ಸ್ಯಾಂಪಲ್ ಬೇಡ, ಬೇರೆ ಕಳಿಸಿ ಅಂತ ನಾನು ಹೇಳ್ಬೇಕಿತ್ತು. ಹೇಳಲಿಲ್ಲ."

"ವಾಸನೆ ಬಂದಿತ್ತಾ ನಿನಗೆ?"

"ಬಂದಿತ್ತು."

"ಮತ್ತೆ ಯಾಕೆ ಸುಮ್ನಿದ್ದೆ?"

"ಅವನು ಕುಡೀತಿದಾನೆ ಅಂದ್ಕೊಂಡೆ."

ಅಮ್ಮ ನನ್ನನ್ನು ನೋಡುತ್ತಲೇ ಇದ್ದಳು. "ಅವನನ್ನ ಕೇಳಲಿಲ್ವಾ?"

"ಕೇಳಿದೆ. ಕುಡಿದಿಲ್ಲ ಅಂದ."

"ಮತ್ತೆ?"

ಅಮ್ಮ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಎದ್ದಳು. ನನ್ನ ಚೀಲದಿಂದ ಒಂದು ಜಾಡಿ ತೆಗೆದು, ಏಪ್ರನ್ನಿನಿಂದ ಒರೆಸಿ, ಹಲಗೆಯ ಮೇಲೆ ವಾಪಸು ಇಟ್ಟಳು. ಇನ್ನೊಂದು ತೆಗೆದಳು, ಒರೆಸಿದಳು, ಇಟ್ಟಳು. ಹನ್ನೊಂದು ಜಾಡಿ. ಅತ್ತಿದ್ದರೆ, ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಡಿಸಿ ನನ್ನ ಕೈಗೆ ಕೊಟ್ಟು, "ಕಿರೋ ಬಸ್ಸು ನಾಲ್ಕೂವರೆಗೆ," ಅಂದಳು.